ಶ್ರೇಷ್ಠ ಫುಟ್‌ಬಾಲ್ ತಂಡ ಯಾವುದೆಂದು ವಾದಿಸುವ ಮೊದಲು ಜೋಡಿ ಕಟ್ಟಿ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆ ಮುಗಿಸಿ ಬೆಂಚಿನಲ್ಲಿ ಕೂರುವ ನಮ್ಮ ಗುಂಪಿನಲ್ಲಿ, ಇದುವರೆಗಿನ ರಾಷ್ಟ್ರೀಯ ಫುಟ್‌ಬಾಲ್ ತಂಡಗಳಲ್ಲಿ ಎಲ್ಲಕ್ಕಿಂತ ಶ್ರೇಷ್ಠ ಯಾವುದು ಎಂಬ ವಾದ ವರ್ಷಗಳಿಂದ ನಡೆದುಬಂದಿದೆ. ಬಹುಕಾಲ ಅದನ್ನು ವಾದವೆನ್ನುವಂತೆಯೂ ಇರಲಿಲ್ಲ. ಹಿರಿಯರು ಪೆಲೆ ಎನ್ನುವುದು, ನಮ್ಮ ವಯಸ್ಸಿನವರು ಮರಡೋನಾ ಎನ್ನುವುದು, ಕಾಲೇಜು ಹುಡುಗರು ಮೆಸ್ಸಿ ಎನ್ನುವುದು, ಆಮೇಲೆ ಎಲ್ಲರೂ ಕಾಫಿಗೆ ಏಳುವುದು, ಇಷ್ಟೇ. ಮಾತು ಹದಕ್ಕೆ ಬಂದದ್ದು ದಸರಾ ಕುಸ್ತಿಯ ಒಂದು ಪದ್ಧತಿಯನ್ನು ಇಲ್ಲಿಗೆ ತಂದ ಮೇಲೆ. ಕುಸ್ತಿ ಶುರುವಾಗುವುದಕ್ಕೆ ಮೊದಲು ಜೋಡಿ ಕಟ್ಟುವ ದಿನವೊಂದಿರುತ್ತದೆ. ಪೈಲ್ವಾನರ ತೂಕ, ವಯಸ್ಸು, ಅನುಭವಗಳನ್ನು ನೋಡಿ ಯಾರಿಗೆ ಯಾರು ಸಮವೆಂದು ತಿಳಿದವರು ಅಂದು ತೀರ್ಮಾನಿಸುತ್ತಾರೆ. ಜೋಡಿ ತಪ್ಪಿದರೆ ಮಟ್ಟಿಗಿಳಿದು ಫಲವಿಲ್ಲ. ಫುಟ್‌ಬಾಲ್ ತಂಡಗಳ ವಾದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಮೊದಲನೆಯದಾಗಿ, ದೇಶದ ಹೆಸರನ್ನಷ್ಟೇ ಹೇಳಿದವರ ಮಾತನ್ನು ಒಪ್ಪಬೇಡಿ, ವರ್ಷವನ್ನೂ ಹೇಳಿಸಿ. ಬ್ರೆಜಿಲ್ 1958, 1962, 1970, 1994 ಮತ್ತು 2002ರಲ್ಲಿ ವಿಶ್ವಕಪ್ ಗೆದ್ದಿದೆಯೆನ್ನುವುದು ಆ ದೇಶದ ಲೆಕ್ಕ, ಒಂದು ತಂಡದ ಲೆಕ್ಕವಲ್ಲ. 1970ರ ತಂಡದ ಟೋಸ್ಟಾವೊಗೂ 2002ರ ತಂಡದ ರೊನಾಲ್ಡೊಗೂ ಅಂಗಿಯ ಬಣ್ಣವೊಂದೇ ಸಮಾನ. ಹೆಸರಿನ ಮೋಹ ನಮ್ಮ ಊರಿನವರಿಗೂ ತಪ್ಪಿದ್ದಲ್ಲ. ರಾಜ್ಯಗಳ ನಡುವಿನ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿದೆಯೆಂದು ನಮ್ಮ ಗುಂಪಿನವರೊಬ್ಬರು ಎದೆಯುಬ್ಬಿಸಿ ಹೇಳುತ್ತಿದ್ದರು. ಅದು ನಿಜವೇ, ಆದರೆ ಅಲ್ಲಿ ಮೈಸೂರು ಎಂದರೆ ಅಂದಿನ ಮೈಸೂರು ರಾಜ್ಯ. 1968–69ರ ಗೆಲುವಿನ ನಂತರ ಕರ್ನಾಟಕ ಎಂಬ ಹೆಸರಿನಲ್ಲಿ ಆ ಟ್ರೋಫಿ ಮತ್ತೆ ಸಿಕ್ಕಿದ್ದು 2023ರಲ್ಲಿ.

ವರ್ಷ ಗೊತ್ತಾದ ಮೇಲೆ ಅವಧಿಯನ್ನು ನಿಗದಿ ಮಾಡಿಕೊಳ್ಳಬೇಕು. ನೀವು ಅಳೆಯುವುದು ಒಂದು ತಿಂಗಳ ಪಂದ್ಯಾವಳಿಯನ್ನೋ, ನಾಲ್ಕೈದು ವರ್ಷಗಳ ಆಟವನ್ನೋ? ಒಂದೇ ಪಂದ್ಯಾವಳಿಯಾದರೆ 1970ರ ಬ್ರೆಜಿಲ್ ತಂಡವನ್ನು ಅಲುಗಾಡಿಸುವುದು ಕಷ್ಟ: ಆರಕ್ಕೆ ಆರೂ ಪಂದ್ಯಗಳಲ್ಲಿ ಗೆಲುವು, 19 ಗೋಲು, ಫೈನಲ್‌ನಲ್ಲಿ ಇಟಲಿಯ ಎದುರು 4–1. ಅವಧಿಯನ್ನು ಹಿಗ್ಗಿಸಿದರೆ ಸ್ಪೇನ್ ಮುಂದೆ ಬರುತ್ತದೆ. 2008ರ ಯೂರೋ (ಯುರೋಪಿನ ರಾಷ್ಟ್ರೀಯ ತಂಡಗಳ ಪಂದ್ಯಾವಳಿ), 2010ರ ವಿಶ್ವಕಪ್, 2012ರ ಯೂರೋ ಮೂರನ್ನೂ ಗೆದ್ದ ಆ ತಂಡ, ಈ ಮೂರೂ ಪಂದ್ಯಾವಳಿಗಳ ಹತ್ತು ನಾಕೌಟ್ ಪಂದ್ಯಗಳಲ್ಲಿ ಎದುರಾಳಿಗೆ ಒಂದೇ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಅದೇ ತಂಡ 2010ರ ಏಳು ಪಂದ್ಯಗಳಲ್ಲಿ ಹೊಡೆದದ್ದು ಎಂಟೇ ಗೋಲು ಎಂದು ಯಾರಾದರೂ ಮೂಗು ಮುರಿದರೆ, ಚೆಂಡನ್ನೇ ಕೊಡದ ಆ ತಂಡದ ಮೇಲೆ ಎದುರಾಳಿ ಗೋಲು ಹೊಡೆಯುವುದಾದರೂ ಹೇಗೆಂದು ಕೇಳಿ. ಆ ಆಟ ನೋಡಲು ಬೇಸರವೆನ್ನುವುದಾದರೆ ಅದೂ ಒಪ್ಪತಕ್ಕ ಮಾತೇ. ನನಗೂ ಎಷ್ಟೋ ಸಲ ಆಕಳಿಕೆ ಬಂದಿದೆ.

ಅಂಕಿಗಳನ್ನು ಬಾಯಿಗೆ ಬಂದಂತೆ ಹೇಳಬಾರದೆಂಬುದನ್ನು ನಾನು ಖರ್ಚು ಮಾಡಿ ಕಲಿತೆ. 1970ರಲ್ಲಿ ಪೆಲೆ ಪ್ರತಿ ಪಂದ್ಯದಲ್ಲೂ ಗೋಲು ಹೊಡೆದರೆಂದು ಒಂದು ದಿನ ಘೋಷಿಸಿಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹುಡುಗ ಮೊಬೈಲ್ ತೆಗೆದು, "ಅಂಕಲ್, ಅದು ಪೆಲೆ ಅಲ್ಲ, ಜೈರ್‌ಜಿನೊ. ಪೆಲೆಯದು ನಾಲ್ಕೇ ಗೋಲು" ಎಂದ. ಅಂದು ಎಂಟು ಜನರ ಕಾಫಿ ದುಡ್ಡು ನನ್ನ ಜೇಬಿನಿಂದ ಹೋಯಿತು. ಈಗ ಬಾಯಿ ಬಿಡುವ ಮೊದಲು ಒಮ್ಮೆ ನೋಡಿಕೊಳ್ಳುತ್ತೇನೆ. ನೀವೂ ಹಾಗೇ ಮಾಡಿ.

ಮುಂದಿನ ಕೆಲಸ ಎದುರಾಳಿಗಳನ್ನು ತೂಗುವುದು. ಫಿಫಾದ ಶ್ರೇಯಾಂಕ ಪಟ್ಟಿ ಶುರುವಾದದ್ದೇ 1992ರಲ್ಲಿ, ಆದ್ದರಿಂದ ಹಳೆಯ ತಂಡಗಳ ವಿಷಯದಲ್ಲಿ ಅದು ಉಪಯೋಗಕ್ಕೆ ಬಾರದು. ಚದುರಂಗದಿಂದ ಬಂದ ಎಲೊ ಲೆಕ್ಕ ಇಲ್ಲಿ ಹೆಚ್ಚು ಸಹಾಯಕ. ಬಲಿಷ್ಠನನ್ನು ಸೋಲಿಸಿದರೆ ಅಂಕ ಹೆಚ್ಚು, ದುರ್ಬಲನನ್ನು ಸೋಲಿಸಿದರೆ ಕಡಿಮೆ ಎಂಬುದು ಅದರ ತಿರುಳು, ಅಂದರೆ ಅದೂ ಒಂದು ಬಗೆಯಲ್ಲಿ ಜೋಡಿ ಕಟ್ಟುವುದೇ. ಪ್ರತಿ ತಂಡವನ್ನೂ ಅದು ತನ್ನ ಕಾಲದವರ ಜೊತೆಯಲ್ಲಷ್ಟೇ ತೂಗುತ್ತದೆ. ಹಾಗಾಗಿ "ಅಂದಿನವರು ಇಂದಿನವರೆದುರು ಆಡಿದ್ದರೆ" ಎಂಬ ಮಾತನ್ನು ನಮ್ಮ ಬೆಂಚಿನಲ್ಲಿ ನಿಷೇಧಿಸಿದ್ದೇವೆ. ನೆನೆದರೆ ಭಾರವಾಗುವ ತೊಗಲಿನ ಚೆಂಡಿನಲ್ಲಿ, ಬದಲಿ ಆಟಗಾರರಿಲ್ಲದೆ ಆಡಿದವರನ್ನು ಇಂದಿನ ಮೈದಾನಕ್ಕೆ ಎಳೆದು ತರುವುದು ನ್ಯಾಯವಲ್ಲ. ವಿಶ್ವಕಪ್‌ನಲ್ಲಿ ಬದಲಿ ಆಟಗಾರರನ್ನು ಇಳಿಸಲು ಅವಕಾಶ ಸಿಕ್ಕಿದ್ದೇ 1970ರಲ್ಲಿ.

ವಾದದ ನಿಜವಾದ ಪರೀಕ್ಷೆ ಸೋತ ತಂಡಗಳನ್ನು ಏನು ಮಾಡಬೇಕೆಂಬ ಪ್ರಶ್ನೆಯಲ್ಲಿದೆ. ಕಪ್ ಗೆಲ್ಲದವರು ಶ್ರೇಷ್ಠರಲ್ಲವೆಂದು ಗೆರೆ ಎಳೆದರೆ 1974ರ ನೆದರ್‌ಲೆಂಡ್ಸ್, 1982ರ ಬ್ರೆಜಿಲ್ ಎರಡೂ ಹೊರಗೆ, ಮತ್ತು ನನ್ನ ಪ್ರಕಾರ ಎಲ್ಲರಿಗಿಂತ ಮೇಲಿರುವ 1950ರಿಂದ 1954ರವರೆಗಿನ ಹಂಗೇರಿಯೂ ಹೊರಗೆ. 1950ರ ಮೇ ತಿಂಗಳಲ್ಲಿ ಆಸ್ಟ್ರಿಯಾಕ್ಕೆ ಸೋತ ಆ ತಂಡ ಮತ್ತೆ ಸೋತದ್ದು 1954ರ ಜುಲೈ 4ರಂದು. ನಡುವೆ 1952ರ ಒಲಿಂಪಿಕ್ಸ್ ಚಿನ್ನ ಬಂತು. 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ, ಬ್ರಿಟನ್ ಮತ್ತು ಐರ್ಲೆಂಡಿನ ಹೊರಗಿನ ಯಾವ ತಂಡಕ್ಕೂ ತನ್ನ ನೆಲದಲ್ಲಿ ಸೋಲದಿದ್ದ ಇಂಗ್ಲೆಂಡ್ ಹಂಗೇರಿಗೆ 6–3ರಿಂದ ಸೋತಿತು. ಮೊದಲ ಗೋಲು ಬರಲು ಒಂದು ನಿಮಿಷವೂ ಬೇಕಾಗಲಿಲ್ಲ.

ಆ ಪಂದ್ಯವನ್ನು ಹತ್ತಿರದಿಂದ ನೋಡಬೇಕು. ಹಂಗೇರಿಯ ಹಿಡೆಕುಟಿ ಬೆನ್ನಿಗೆ ಮುಂಚೂಣಿ ಆಟಗಾರನ 9ನೇ ಸಂಖ್ಯೆ ಹಾಕಿಕೊಂಡಿದ್ದರೂ ಎದುರಾಳಿಯ ಗೋಲಿನ ಮುಂದೆ ನಿಲ್ಲದೆ ಮೈದಾನದ ಮಧ್ಯಕ್ಕೆ ಸರಿದು ಆಡುತ್ತಿದ್ದರು. ಅವರನ್ನು ಕಾಯಬೇಕಾಗಿದ್ದ ಇಂಗ್ಲೆಂಡಿನ ಹ್ಯಾರಿ ಜಾನ್‌ಸ್ಟನ್‌ಗೆ ಇಕ್ಕಟ್ಟು: ಬೆನ್ನು ಹತ್ತಿ ಹೋದರೆ ಹಿಂದೆ ಜಾಗ ಖಾಲಿ, ಇದ್ದಲ್ಲೇ ಇದ್ದರೆ ಹಿಡೆಕುಟಿಯನ್ನು ತಡೆಯುವವರಿಲ್ಲ. ಹಿಡೆಕುಟಿ ಅಂದು ಮೂರು ಗೋಲು ಹೊಡೆದರು. ಹಂಗೇರಿಯ ನಾಯಕ ಪುಷ್ಕಾಷ್ ತಮ್ಮ ಒಂದು ಗೋಲಿಗೆ ಮುನ್ನ ಚೆಂಡನ್ನು ಅಂಗಾಲಿನಿಂದ ಹಿಂದಕ್ಕೆ ಎಳೆದುಕೊಂಡಾಗ, ಅದನ್ನು ಕಸಿಯಲೆಂದು ನುಗ್ಗಿದ ಇಂಗ್ಲೆಂಡ್ ನಾಯಕ ಬಿಲ್ಲಿ ರೈಟ್ ಚೆಂಡಿಲ್ಲದ ಕಡೆಗೆ ಜಾರಿ ಹೋದರು. ಗರಡಿಯಲ್ಲಿ ಪಟ್ಟು ಹಾಕಲು ಬಂದವನ ಭಾರವನ್ನೇ ಬಳಸಿ ಅವನನ್ನು ಕೆಡವುತ್ತಾರಲ್ಲ, ಹಾಗೆ.

ಹಂಗೇರಿಯ ಪರ ವಾದಿಸುವವರು ಒಂದು ಎಚ್ಚರಿಕೆ ವಹಿಸಬೇಕು. 1954ರ ವಿಶ್ವಕಪ್‌ನಲ್ಲಿ ಅದು ಐದು ಪಂದ್ಯಗಳಲ್ಲಿ 27 ಗೋಲು ಹೊಡೆದದ್ದು ನಿಜ. ಆದರೆ ಗುಂಪು ಹಂತದಲ್ಲಿ ಪಶ್ಚಿಮ ಜರ್ಮನಿಯ ಮೇಲೆ ಬಂದ 8–3ರ ಗೆಲುವನ್ನು ಬಹಳ ಮೆರೆಸಬೇಡಿ, ಏಕೆಂದರೆ ಜರ್ಮನ್ ತರಬೇತುದಾರ ಹೆರ್‌ಬರ್ಗರ್ ಅಂದು ತಮ್ಮ ಪೂರ್ಣಬಲದ ತಂಡವನ್ನು ಇಳಿಸಿರಲಿಲ್ಲ. ಅದಕ್ಕಿಂತ ತೂಕದ ಸಾಕ್ಷಿ, ನಂತರ ಬ್ರೆಜಿಲ್ ಮತ್ತು ಹಾಲಿ ಚಾಂಪಿಯನ್ ಉರುಗ್ವೆ ಇಬ್ಬರನ್ನೂ 4–2ರಿಂದ ಸೋಲಿಸಿದ್ದು, ಅದೂ ಗಾಯಗೊಂಡಿದ್ದ ಪುಷ್ಕಾಷ್ ಇಲ್ಲದೆ. ಬರ್ನ್‌ನಲ್ಲಿ ಮಳೆಯ ನಡುವೆ ನಡೆದ ಫೈನಲ್‌ನಲ್ಲಿ ಎಂಟು ನಿಮಿಷದೊಳಗೆ 2–0 ಮುಂದಿದ್ದ ತಂಡ ಕೊನೆಗೆ ಅದೇ ಪಶ್ಚಿಮ ಜರ್ಮನಿಗೆ 3–2ರಿಂದ ಸೋತಿತು. ಆ ಒಂದು ಸಂಜೆಯನ್ನು ಬಿಟ್ಟರೆ 1956ರ ಫೆಬ್ರವರಿಯವರೆಗೆ, ಹೆಚ್ಚುಕಡಿಮೆ ಆರು ವರ್ಷ, ಅದಕ್ಕೆ ಬೇರೆ ಸೋಲಿಲ್ಲ. ಒಂದು ಸೋಲಿಗೆ ಎಷ್ಟು ಬೆಲೆ ಕಟ್ಟುತ್ತೀರೆಂಬುದರ ಮೇಲೆ ನಿಮ್ಮ ಉತ್ತರ ನಿಂತಿದೆ.

ಪುರುಷರ ತಂಡಗಳೆಂದು ಮೊದಲೇ ಹೇಳಿಕೊಳ್ಳದಿದ್ದರೆ ಅಮೆರಿಕದ ಮಹಿಳಾ ತಂಡ ನಿಮ್ಮ ಪಟ್ಟಿಯನ್ನೆಲ್ಲ ಮಗುಚಿಹಾಕಬಹುದು. 2015 ಮತ್ತು 2019ರಲ್ಲಿ ಬೆನ್ನುಬೆನ್ನಿಗೆ ವಿಶ್ವಕಪ್ ಗೆದ್ದ ಆ ತಂಡಕ್ಕೆ ಎರಡನೆಯದರಲ್ಲಿ 26 ಗೋಲು ಬಂದವು. ಗುಂಪಿನ ಹುಡುಗಿಯೊಬ್ಬಳು ಇದನ್ನು ಎತ್ತಿದಾಗ ನಮ್ಮಲ್ಲಿ ಯಾರಿಗೂ ಉತ್ತರವಿರಲಿಲ್ಲ.

ಎಲ್ಲರೂ ತಮ್ಮ ತಮ್ಮ ತಂಡವನ್ನು ಹಿಡಿದು ಕೂತಾಗ ಕೇಳಬೇಕಾದ ಪ್ರಶ್ನೆ ಇದು: ಯಾವ ಸಂಗತಿ ಬೇರೆಯಾಗಿದ್ದರೆ ನೀವು ನಿಮ್ಮ ತಂಡವನ್ನು ಬಿಡುತ್ತಿದ್ದಿರಿ? ಉತ್ತರವಿಲ್ಲದವರ ಜೊತೆ ವಾದ ಬೇಡ, ಕಾಫಿ ಕುಡಿಯಿರಿ. ನಮ್ಮ ಗುಂಪಿನ ಹಿರಿಯರೊಬ್ಬರು 1970ರ ಬ್ರೆಜಿಲ್ ಎಂಬ ಪಟ್ಟು ಬಿಟ್ಟವರಲ್ಲ. ಈ ಪ್ರಶ್ನೆಯನ್ನು ಅವರಿಗೆ ಹಾಕಿದಾಗ ಕೆರೆಯ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರ್ನ್‌ನಲ್ಲಿ ಅವತ್ತು ಮಳೆ ಬರದೇ ಇದ್ದಿದ್ದರೆ ನಾನೂ ನಿಮ್ಮ ಕಡೆಯೇ ಇರುತ್ತಿದ್ದೆನೇನೋ" ಎಂದರು. ಮತ್ತೆ ತಾವೇ, "ಆದರೆ ಮಳೆ ಬಂತಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡು ಎದ್ದರು.