ಖಾತೆಯಲ್ಲಿ ಹಣವಿದ್ದರೂ ಸಂಬಳಕ್ಕಿಲ್ಲ: ಗ್ರಾಮ ಪಂಚಾಯಿತಿಯ ಲೆಕ್ಕ ಬಿಡಿಸುವ ಬಗೆ

ಪಂಚಾಯಿತಿಯ ಬ್ಯಾಂಕ್ ಖಾತೆಗಳಲ್ಲಿ ಲಕ್ಷಗಟ್ಟಲೆ ಹಣ ಕೂತಿರುತ್ತದೆ, ಕಸದ ಗಾಡಿ ಓಡಿಸುವ ಹೆಣ್ಣುಮಗಳಿಗೆ ಮೂರು ತಿಂಗಳಿಂದ ಸಂಬಳ ಆಗಿರುವುದಿಲ್ಲ. ಎಲ್ಲ ಹಣವನ್ನೂ ಎಲ್ಲದಕ್ಕೂ ಬಳಸುವಂತಿಲ್ಲ ಎಂಬುದೇ ಇದಕ್ಕೆ ಕಾರಣ. ಹೊಸ ಸದಸ್ಯರು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜೊತೆ ಕೂತು ಈ ಕ್ರಮದಲ್ಲಿ ಲೆಕ್ಕ ನೋಡಲಿ.

ಮೊದಲು ಹಣವನ್ನು ಬೇರ್ಪಡಿಸಿ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ (2021-22ರಿಂದ 2025-26) ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು, ಎರಡಕ್ಕೂ ಅರ್ಧರ್ಧ. ಉಳಿದ ಶೇ 40 ಮುಕ್ತ ಅನುದಾನವಾದರೂ ಅದರಿಂದ ಸಂಬಳ, ಕಚೇರಿ ಖರ್ಚು ಭರಿಸುವಂತಿಲ್ಲ. ಮನೆ ಕಂದಾಯದ ರಸೀದಿಯಲ್ಲಿ ಸೇರಿಬರುವ ಆರೋಗ್ಯ, ಶಿಕ್ಷಣ, ಗ್ರಂಥಾಲಯ, ಭಿಕ್ಷುಕರ ಕರಗಳೂ ಆಯಾ ಉದ್ದೇಶಕ್ಕೆ ಕಟ್ಟಿಬಿದ್ದವು. ಇವನ್ನೆಲ್ಲ ಕಳೆದು ಉಳಿಯುವ ಸ್ವಂತ ಸಂಪನ್ಮೂಲವೇ ನಿಜವಾಗಿ ಕೈಯಲ್ಲಿರುವ ಹಣ. ಅನುಮೋದನೆ ಇಲ್ಲದೆ ಸೇರಿಸಿಕೊಂಡ ಸಿಬ್ಬಂದಿಯ ಸಂಬಳ, ಕೆಟ್ಟ ಮೋಟಾರಿನ ದುರಸ್ತಿ ಎಲ್ಲವೂ ಕೊನೆಗೆ ಇದರ ಮೇಲೇ ಬೀಳುತ್ತವೆ.

ಇನ್ನು ಕಂದಾಯದ ಬೇಡಿಕೆ (ಜನ ಕಟ್ಟಬೇಕಾದ ಮೊತ್ತ), ವಸೂಲಿ, ಬಾಕಿ ತೋರಿಸುವ ಪಟ್ಟಿ. ಉದಾಹರಣೆಗೆ ಹಳೆಯ ಬಾಕಿ 12 ಲಕ್ಷ, ಈ ಸಾಲಿನ ಬೇಡಿಕೆ 8 ಲಕ್ಷ, ವಸೂಲಿ 6 ಲಕ್ಷ ಎಂದುಕೊಳ್ಳಿ. ಈ ಸಾಲಿನ ಬೇಡಿಕೆಯ ಮೇಲಷ್ಟೇ ಭಾಗಿಸಿದರೆ ಶೇ 75, ಹಳೆಯ ಬಾಕಿಯೂ ಸೇರಿದ ಒಟ್ಟು ಬೇಡಿಕೆಯ ಮೇಲೆ ಭಾಗಿಸಿದರೆ ಶೇ 30. ಸಭೆಯಲ್ಲಿ ಯಾವ ಅಂಕಿ ಓದುತ್ತಿದ್ದಾರೆ ಎಂದು ಕೇಳಿ. ಹಳೆಯ ಬಾಕಿಯ ಪಟ್ಟಿಯನ್ನು ಮನೆವಾರು ತೆಗೆಸಿದರೆ ಅಣ್ಣತಮ್ಮಂದಿರು ಪಾಲಾದ ಮೇಲೂ ಮನೆಯ ಹಳೆಯ ಖಾತೆ ನಂಬರ್ ರದ್ದಾಗದೆ ಎರಡೆರಡು ಬೇಡಿಕೆ ಬೆಳೆದಿರುವುದು, ಬಿದ್ದುಹೋದ ಮನೆಗೆ ಇನ್ನೂ ಕಂದಾಯ ಹಾಕುತ್ತಿರುವುದು ಸಿಗುತ್ತದೆ. ಸ್ಥಳ ಪರಿಶೀಲಿಸಿ, ದಾಖಲೆಯೊಂದಿಗೆ ಸಭೆಗೆ ತಂದು ಸರಿಪಡಿಸಬೇಕು. ಅದೇ ಓಡಾಟದಲ್ಲಿ ಪಟ್ಟಿಗೇ ಸೇರದ ಮೊಬೈಲ್ ಟವರ್, ಕಲ್ಯಾಣ ಮಂಟಪ, ಗೋದಾಮು, ಹಂಚಿನ ಮನೆ ಕೆಡವಿ ಎದ್ದ ಎರಡಂತಸ್ತಿನ ಕಟ್ಟಡಗಳನ್ನೂ ಬರೆದುಕೊಳ್ಳಿ. ಬಡವರ ಮನೆ ಬಾಗಿಲಿಗೆ ನೋಟಿಸ್ ಅಂಟಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸವಿದು.

ಹೆಚ್ಚು ಸೋರಿಕೆ ಇರುವುದು ವಿದ್ಯುತ್ ಬಿಲ್ಲಿನಲ್ಲಿ. ಪ್ರತಿ ಆರ್‌ಆರ್ ನಂಬರಿಗೂ (ವಿದ್ಯುತ್ ಸಂಪರ್ಕದ ಸಂಖ್ಯೆ) ಒಂದು ಸಾಲು ಬರೆಯಿರಿ: ಜಾಗ, ಮಂಜೂರಾದ ಎಚ್‌ಪಿ (ಅಶ್ವಶಕ್ತಿ), ಈಗಿರುವ ಮೋಟಾರು, ಮೀಟರ್ ಓಡುತ್ತಿದೆಯೇ. ಬಳಿಕ ಒಂದೊಂದು ಜಾಗಕ್ಕೂ ಹೋಗಿ ನೋಡಿ. ನೀರು ಬತ್ತಿ ಮೋಟಾರು ಎತ್ತಿದ ಬೋರ್‌ವೆಲ್‌ಗೂ ಸಂಪರ್ಕ ಇರುವಷ್ಟು ಕಾಲ ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ. ಬಾಕಿಗೆ ಬಡ್ಡಿಯೂ ಸೇರುತ್ತದೆ. ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಶಾಖಾ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸಂಪರ್ಕವನ್ನು ಕಾಯಂ ಆಗಿ ತೆಗೆಸಿ, ಸ್ವೀಕೃತಿ ಇಟ್ಟುಕೊಳ್ಳಿ. ನಿಂತ ಮೀಟರಿಗೆ ಸರಾಸರಿ ಬಿಲ್ ಬರುತ್ತದೆ, ಅದನ್ನೂ ಬದಲಿಸಲು ಬರೆದುಕೊಡಿ.

ಬೀದಿದೀಪಕ್ಕೆ ಪ್ರತ್ಯೇಕ ಸ್ವಿಚ್ ತಂತಿ ಇಲ್ಲದಿದ್ದರೆ ಹಗಲೂ ಉರಿಯುತ್ತವೆ. ಚೋಕ್ ಸೇರಿ 50 ವ್ಯಾಟ್ ಎಳೆಯುವ 100 ಟ್ಯೂಬ್‌ಲೈಟ್ 24 ಗಂಟೆ ಉರಿದರೆ ದಿನಕ್ಕೆ 120 ಯೂನಿಟ್. 20 ವ್ಯಾಟ್ ಎಲ್‌ಇಡಿ ಹಾಕಿ, ಟೈಮರ್ ಇಟ್ಟು 12 ಗಂಟೆಗೆ ಇಳಿಸಿದರೆ 24 ಯೂನಿಟ್. ಆದರೆ ಮೀಟರ್ ಇಲ್ಲದ ಕಡೆ ಈ ಉಳಿತಾಯ ಬಿಲ್ಲಿನಲ್ಲಿ ಕಾಣದು, ಅಲ್ಲಿ ಬಿಲ್ ಆಗುವುದು ಬರೆದಿಟ್ಟ ಲೋಡ್ ಮೇಲೆ. ಆದ್ದರಿಂದ ಮೊದಲು ಮೀಟರ್, ಆಮೇಲೆ ಬಲ್ಬು.

ನೀರಿನ ದರವನ್ನು ಅಂದಾಜಿನ ಮೇಲೆ ಇಡಬೇಡಿ. ಜಲ ಜೀವನ್ ಮಿಷನ್‌ನಲ್ಲಿ ಮನೆಮನೆಗೆ ನಲ್ಲಿ ಬಂದ ಮೇಲೆ ಅದನ್ನು ನಡೆಸುವ ಖರ್ಚು ಪಂಚಾಯಿತಿಯ ಹೆಗಲೇರಿದೆ. ತಿಂಗಳಿಗೆ ವಿದ್ಯುತ್ 45,000, ನೀರುಗಂಟಿಗಳ ಸಂಬಳ 30,000, ದುರಸ್ತಿ 10,000, ಬ್ಲೀಚಿಂಗ್ ಪೌಡರ್ ಮತ್ತಿತರ 5,000 ಆದರೆ ಒಟ್ಟು 90,000 ರೂಪಾಯಿ. 600 ನಲ್ಲಿಗೆ ಹಂಚಿದರೆ ತಲಾ 150. ವಸೂಲಿ ನಲ್ಲಿಗೆ 50 ರೂಪಾಯಿ ಆಗಿದ್ದರೆ ತಿಂಗಳಿಗೆ 60,000 ಎಲ್ಲಿಂದಲೋ ಬರಲೇಬೇಕು. ಈ ಲೆಕ್ಕವನ್ನು ಗ್ರಾಮಸಭೆಯಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿಯೇ ದರ ಏರಿಸಿ; ಲೆಕ್ಕ ತೋರಿಸದೆ ಏರಿಸಿದ ಕಡೆ ಜನ ಹಳೆಯ ದರವನ್ನೂ ಕಟ್ಟುವುದನ್ನು ನಿಲ್ಲಿಸುತ್ತಾರೆ.

ವಸೂಲಿಗೆ ಹೊರಡುವುದು ರಾಗಿ, ಭತ್ತ, ಅಡಿಕೆ ಮಾರಿದ ದುಡ್ಡು ಕೈಗೆ ಬರುವ ತಿಂಗಳಲ್ಲಿರಲಿ, ಮಾರ್ಚ್ ಕೊನೆಯ ವಾರಕ್ಕೆ ಕಾಯಬೇಡಿ. ಪಂಚಾಯಿತಿಯ ಲೆಕ್ಕ ಇಡುವ ಪಂಚತಂತ್ರ ತಂತ್ರಾಂಶದ ರಸೀದಿ ಇಲ್ಲದೆ ಕರವಸೂಲಿಗಾರರು ಹಣ ಮುಟ್ಟಬಾರದು. ದಿನದ ವಸೂಲಿ ಮರುದಿನ ಬ್ಯಾಂಕಿಗೆ ಜಮೆಯಾಯಿತೇ ಎಂದು ಚಲನ್ ಹಿಡಿದು ವಾರಕ್ಕೊಮ್ಮೆ ತಾಳೆ ನೋಡಿ.