ಸಣ್ಣ ಮರಗೆಲಸದ ಕಾರ್ಖಾನೆಯ ಸಿಎನ್‌ಸಿ ಯಂತ್ರಕ್ಕೆ ಬಿಡುವಿಲ್ಲದ ಕೆಲಸ ಹುಡುಕುವುದು ಹೇಗೆ?

ಸಿಎನ್‌ಸಿ ರೂಟರ್ (ಕಂಪ್ಯೂಟರ್ ಪ್ರೋಗ್ರಾಂ ಹೇಳಿದಂತೆ ಮರವನ್ನು ಕತ್ತರಿಸುವ, ಕೊರೆಯುವ ಯಂತ್ರ) ಹಾಕಿಕೊಂಡ ಸಣ್ಣ ಕಾರ್ಖಾನೆಗೆ ಮೊದಮೊದಲು ಬಿಡಿ ಕೆಲಸಗಳೇ ಬರುತ್ತವೆ. ಇವತ್ತು ಒಂದು ನಾಮಫಲಕ, ನಾಳೆ ಒಂದು ಕೆತ್ತನೆಯ ಬಾಗಿಲು. ಅವನ್ನು ಬೇಡವೆನ್ನಬೇಕಾಗಿಲ್ಲ, ಆದರೆ ಅವುಗಳಿಂದ ಕಾರ್ಖಾನೆ ನಡೆಯುವುದು ಕಷ್ಟ. ಒಂದು ಬಿಡಿಭಾಗದ ಪ್ರೋಗ್ರಾಂ ಬರೆದು, ಬಿಟ್ (ಕತ್ತರಿಸುವ ಅಲಗು) ಜೋಡಿಸಿ, ಮರವನ್ನು ಹಿಡಿದಿಡುವ ಜಿಗ್ ಮಾಡಿ, ಮೊದಲ ತುಂಡನ್ನು ಅಳೆದು ನೋಡುವುದಕ್ಕೆ ಎರಡು ಗಂಟೆ ಬೇಕು, ಆಮೇಲೆ ಒಂದೊಂದು ತುಂಡಿಗೆ 6 ನಿಮಿಷ ಸಾಕು ಎಂದಿಟ್ಟುಕೊಳ್ಳಿ. ಒಂದೇ ತುಂಡು ಮಾಡಿದರೆ ಅದಕ್ಕೆ 126 ನಿಮಿಷ ಬೀಳುತ್ತದೆ. 20 ಮಾಡಿದರೆ ತುಂಡಿಗೆ 12 ನಿಮಿಷ. 100 ಮಾಡಿದರೆ ಸುಮಾರು 7 ನಿಮಿಷ. ಅದೇ ಭಾಗಕ್ಕೆ ಮತ್ತೊಮ್ಮೆ ಆರ್ಡರ್ ಬಂದರೆ ಆ ಎರಡು ಗಂಟೆಯಲ್ಲಿ ಬಹುಪಾಲು ಉಳಿತಾಯವಾಗುತ್ತದೆ. ಆದ್ದರಿಂದ ಹುಡುಕಬೇಕಾದದ್ದು ದೊಡ್ಡ ಆರ್ಡರ್ ಎನ್ನುವುದಕ್ಕಿಂತ ಮರಳಿ ಮರಳಿ ಬರುವ ಆರ್ಡರ್.

ಅಂಥ ಆರ್ಡರ್ ಮನೆ ಕಟ್ಟಿಸುವವರಿಂದ ಬರುವುದು ಅಪರೂಪ. ಅದು ಬರುವುದು ಇನ್ನೊಬ್ಬ ತಯಾರಕರಿಂದ. ಮೊದಲು ನಿಮ್ಮಂತೆಯೇ ಮರದ ಕೆಲಸ ಮಾಡುವ, ಆದರೆ ಸಿಎನ್‌ಸಿ ಇಲ್ಲದ ಕಾರ್ಖಾನೆಗಳಿಗೆ ಹೋಗಿ. ಅಡುಗೆಮನೆಯ ಕಪಾಟು ಮಾಡುವವರಲ್ಲಿ ಕತ್ತರಿಸುವ ಮತ್ತು ತೂತು ಕೊರೆಯುವ ಹಂತದಲ್ಲೇ ಕೆಲಸ ನಿಲ್ಲುವುದುಂಟು. ಬಾಗಿಲಿನಲ್ಲಿ ಹುದುಗುವ ಕಪ್ ಹಿಂಜ್‌ಗೆ 35 ಮಿಲಿಮೀಟರ್ ಗುಳಿ, ಶೆಲ್ಫ್ ಪಿನ್ನಿಗೆ 32 ಮಿಲಿಮೀಟರ್ ಅಂತರದಲ್ಲಿ 5 ಮಿಲಿಮೀಟರ್ ತೂತುಗಳು, ಬೆನ್ನುಹಲಗೆ ಕೂರುವ ಗ್ರೂವ್ ಇವೆಲ್ಲವನ್ನೂ ಮುಗಿಸಿ, ಪ್ರತಿ ತುಂಡಿಗೂ ಲೇಬಲ್ ಅಂಟಿಸಿ ಕೊಟ್ಟರೆ ಅವರಿಗೆ ಜೋಡಣೆ ಮಾತ್ರ ಉಳಿಯುತ್ತದೆ. ಅವರನ್ನು ಪ್ರತಿಸ್ಪರ್ಧಿಗಳೆಂದು ದೂರ ಇಡುವುದು ದೊಡ್ಡ ತಪ್ಪು ಎಂದು ನಾನು ಭಾವಿಸುತ್ತೇನೆ, ಏಕೆಂದರೆ ನಿಮ್ಮ ಯಂತ್ರದ ಬೆಲೆ ನಿಜವಾಗಿ ತಿಳಿದಿರುವುದು ಅವರಿಗೇ. ಯಂತ್ರವಿದ್ದರೂ ಕೆಲಸ ಹೆಚ್ಚಾಗಿ ಗಡುವು ಮೀರುತ್ತಿರುವ ದೊಡ್ಡ ಕಾರ್ಖಾನೆಗಳೂ ಹೆಚ್ಚುವರಿ ಕೆಲಸವನ್ನು ಹೊರಗೆ ಕೊಡುತ್ತವೆ.

ಇವರಲ್ಲದೆ ಪ್ರದರ್ಶನ ಮಳಿಗೆ ಕಟ್ಟುವವರು, ಅಂಗಡಿಗಳ ಒಳಾಂಗಣ ಮಾಡುವವರು, ಸೋಫಾದ ಒಳಚೌಕಟ್ಟು ಬೇಕಾದವರು, ಸ್ಪೀಕರ್ ಪೆಟ್ಟಿಗೆ, ಆಟಿಕೆ, ಸಂಗೀತ ವಾದ್ಯ ತಯಾರಿಸುವವರು, ಎರಕದ ಮಾದರಿ ಬೇಕಾದ ಫೌಂಡ್ರಿಗಳು, ಯಂತ್ರಗಳನ್ನು ಸಾಗಿಸಲು ಅಳತೆಗೆ ತಕ್ಕ ಮರದ ಪೆಟ್ಟಿಗೆ ಬೇಕಾದವರು ಇದ್ದಾರೆ. ಈ ಎಲ್ಲರ ಹಿಂದೆಯೂ ಓಡಬೇಡಿ. ನಿಮ್ಮ ಯಂತ್ರದ ಮೇಜಿನ ಅಳತೆಗೂ ನಿಮ್ಮ ಕೈಗೂ ಒಗ್ಗುವ ಎರಡು ಬಗೆಯನ್ನು ಆರಿಸಿಕೊಂಡು ಅದರಲ್ಲಿ ಹೆಸರು ಮಾಡಿ. 2440 ಗುಣಿಸು 1220 ಮಿಲಿಮೀಟರಿನ ಪೂರ್ತಿ ಹಾಳೆ ಮೇಜಿನ ಮೇಲೆ ಹಿಡಿಯದಿದ್ದರೆ ಕಪಾಟಿನ ಕೆಲಸಕ್ಕಿಂತ ಸಣ್ಣ ಬಿಡಿಭಾಗಗಳ ಕೆಲಸವೇ ಲೇಸು.

ಹೋಗುವಾಗ ಯಂತ್ರದ ಫೋಟೊಗಳನ್ನು ಒಯ್ಯುವ ಬದಲು ಒಂದು ತುಂಡನ್ನು ಒಯ್ಯಿರಿ. ಡ್ರಾಯರಿನ ಒಂದು ಮೂಲೆಯನ್ನು ಜೋಡಿಸಿ ಅವರ ಕೈಗೆ ಕೊಡಿ. ಅವರು ಅದನ್ನು ಬೆಳಕಿಗೆ ಹಿಡಿದು ಸಂದಿ ನೋಡುತ್ತಾರೆ, ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಎಳೆದು ಮೇಲಿನ ತೆಳು ಮರದ ಪದರ (ವೆನೀರ್) ಸಿಬಿರು ಎದ್ದಿದೆಯೇ ಎಂದು ಪರೀಕ್ಷಿಸುತ್ತಾರೆ. ಎರಡೂ ಮುಖ ನುಣುಪಾಗಿ ಬರಬೇಕಾದರೆ ಎರಡೂ ಮುಖಗಳಿಂದ ಒಳಕ್ಕೆ ಒತ್ತುತ್ತಾ ಕತ್ತರಿಸುವ ಕಂಪ್ರೆಷನ್ ಬಿಟ್ ಬಳಸಿ. 18 ಮಿಲಿಮೀಟರ್ ಎಂದು ಮಾರುವ ಪ್ಲೈವುಡ್ ಎಷ್ಟೋ ಸಲ 17.5ರ ಆಸುಪಾಸಿನಲ್ಲಿರುತ್ತದೆ, ಹೆಸರಿನ ಅಳತೆಯನ್ನು ನಂಬಿ ಗ್ರೂವ್ ತೆಗೆದರೆ ಹಲಗೆ ಸಡಿಲವಾಗಿ ಅಲುಗಾಡುತ್ತದೆ. ಹೊಸ ಮಾಲು ಬಂದಾಗಲೆಲ್ಲ ಕ್ಯಾಲಿಪರಿನಿಂದ ಅಳೆದು ಪ್ರೋಗ್ರಾಂ ತಿದ್ದುತ್ತೀರಿ ಎಂಬ ಒಂದು ಮಾತು ಅನುಭವವುಳ್ಳ ತಯಾರಕರಿಗೆ ನಿಮ್ಮ ಮೇಲೆ ವಿಶ್ವಾಸ ಹುಟ್ಟಿಸುತ್ತದೆ. ಅನಂತರ ಅವರ ಕಾರ್ಖಾನೆಯಲ್ಲಿ ಯಾವ ಭಾಗ ಹೆಚ್ಚು ಸಮಯ ತಿನ್ನುತ್ತಿದೆ, ಯಾವುದು ಹೆಚ್ಚು ಹಾಳಾಗುತ್ತಿದೆ ಎಂದು ಕೇಳಿ, ಆ ಒಂದು ಭಾಗವನ್ನೇ ಪ್ರಾಯೋಗಿಕವಾಗಿ ಮಾಡಿಕೊಡಲು ಒಪ್ಪಿಕೊಳ್ಳಿ.

ದರ ಹೇಳುವಾಗ ಸೆಟಪ್ಪಿನ (ಮೊದಲ ಸಿದ್ಧತೆಯ) ದರವನ್ನು ಬೇರೆ, ತುಂಡಿನ ದರವನ್ನು ಬೇರೆ ತೋರಿಸುವುದು ಒಳ್ಳೆಯದು. ಸಂಖ್ಯೆ ಹೆಚ್ಚಿಸಿದರೆ ತಮಗೇನು ಲಾಭ ಎಂಬುದು ಗ್ರಾಹಕರಿಗೇ ಕಾಣುತ್ತದೆ. ಯಂತ್ರದ ಗಂಟೆಯ ದರದಲ್ಲಿ ಸಾಲದ ಕಂತು, ವಿದ್ಯುತ್, ಬಿಟ್ ಸವೆತ, ದೂಳು ಹೀರುವ ವ್ಯವಸ್ಥೆ, ಯಂತ್ರದ ಪಕ್ಕ ನಿಲ್ಲುವವರ ಕೂಲಿ ಎಲ್ಲವೂ ಸೇರಬೇಕು. ಅಂಚು ಉಜ್ಜುವುದಕ್ಕೆ, ಅಂಚಿಗೆ ಪಟ್ಟಿ ಅಂಟಿಸುವ ಎಜ್ ಬ್ಯಾಂಡಿಂಗಿಗೆ, ಪ್ಯಾಕಿಂಗಿಗೆ ಹೋಗುವ ಸಮಯವನ್ನು ಮರೆಯುವವರೇ ಹೆಚ್ಚು, ಮತ್ತು ನಷ್ಟ ಅಲ್ಲಿಂದಲೇ ಶುರುವಾಗುತ್ತದೆ. ಮಾಲು ಯಾರದು, ಕತ್ತರಿಸುವಾಗ ಕೆಟ್ಟ ಹಾಳೆಯ ಹೊಣೆ ಯಾರದು, ಅಳತೆಯಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ, ಮುಂಗಡ ಎಷ್ಟು ಎಂಬುದನ್ನು ಬರಹದಲ್ಲಿಡಿ. ಮೊದಲ ತುಂಡಿಗೆ ಗ್ರಾಹಕರ ಸಹಿಯ ಒಪ್ಪಿಗೆ ಸಿಗುವವರೆಗೂ ಉಳಿದದ್ದನ್ನು ಕತ್ತರಿಸಬೇಡಿ.

ಒಬ್ಬರೇ ಗ್ರಾಹಕರಿಂದ ಅರ್ಧಕ್ಕಿಂತ ಹೆಚ್ಚು ಕೆಲಸ ಬರತೊಡಗಿದರೆ ಇನ್ನೊಬ್ಬರನ್ನು ಹುಡುಕಲು ಅದೇ ಸರಿಯಾದ ಸಮಯ, ಏಕೆಂದರೆ ಕೈಯಲ್ಲಿ ಕೆಲಸವಿರುವಾಗ ದರ ಇಳಿಸದೆ ಮಾತಾಡಬಹುದು.

ಆರ್ಡರ್ ಮುಗಿದ ದಿನವೇ ಪ್ರೋಗ್ರಾಂ, ಬಳಸಿದ ಬಿಟ್ಟುಗಳ ಪಟ್ಟಿ, ಮಾಲಿನ ನಿಜವಾದ ದಪ್ಪ, ಹಿಡಿದ ಸಮಯ ಇಷ್ಟನ್ನೂ ಒಂದೇ ಕಡತದಲ್ಲಿ ಸೇರಿಸಿ. ಜಿಗ್ ಮೇಲೆ ಅದೇ ಕಡತದ ಸಂಖ್ಯೆ ಬರೆದು ಗೋಡೆಗೆ ತೂಗುಹಾಕಿ, ಒಪ್ಪಿಗೆ ಪಡೆದ ಒಂದು ತುಂಡನ್ನೂ ಅದರ ಜೊತೆಗೇ ಕಟ್ಟಿಡಿ. ಆರು ತಿಂಗಳ ಮೇಲೆ ಅವರು ಇನ್ನೂ 40 ಬೇಕೆಂದು ಕೇಳಿದಾಗ ಬೆಲೆಯನ್ನೂ ದಿನವನ್ನೂ ಆ ಕ್ಷಣವೇ ಹೇಳಬಹುದು.