ಬಿಸಿಯಾದ ಮೇಲೆ ಆಫ್ ಆಗುತ್ತಿದ್ದ ಗಾಡಿ: ಮೂರು ಬಲ್ಬ್ ಇಟ್ಟು ಹಿಡಿದ ನನ್ನ ಅನುಭವ

ಸ್ಕ್ಯಾನರ್ ಹಾಕಿದರೆ ಕೋಡ್ (ಗಾಡಿಯ ಕಂಪ್ಯೂಟರ್ ಬರೆದಿಡುವ ದೋಷದ ನಂಬರ್) ಇಲ್ಲ. ಗ್ಯಾರೇಜ್‌ನಲ್ಲಿ ನಿಲ್ಲಿಸಿದರೆ ಐಡ್ಲಿಂಗ್ ಚೆನ್ನಾಗಿದೆ. ರಸ್ತೆಗೆ ಇಳಿದು ಇಪ್ಪತ್ತೋ ಇಪ್ಪತ್ತೈದೋ ಕಿಲೋಮೀಟರ್ ಆದ ಮೇಲೆ ಆಫ್. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದರೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್. ಇಂಥ ಕಂಪ್ಲೇಂಟ್ ಬಂದರೆ ನಮ್ಮಲ್ಲಿ ಬಹಳ ಜನ ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋಗುತ್ತಾರೆ. ನಾನು ಚಿಂತಾಮಣಿಯಲ್ಲಿ ಗ್ಯಾರೇಜ್ ಇಟ್ಟಿದ್ದೇನೆ. ಹೋದ ಬೇಸಿಗೆಯಲ್ಲಿ ಇಂಥ ಒಂದು ಗಾಡಿಯನ್ನು ಡ್ಯಾಶ್ ಮೇಲೆ ಮೂರು ಬಲ್ಬ್ ಕಟ್ಟಿ ಹಿಡಿದೆ. ಇದೆಲ್ಲ ಆಗುವ ಕೆಲಸವಲ್ಲ ಅಂದವರೇ ಜಾಸ್ತಿ. ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 2008ರ ಸುಮಾರಿನ ವ್ಯಾಗನ್ ಆರ್. 1061 ಸಿಸಿ, ನಾಲ್ಕು ಸಿಲಿಂಡರ್, ಪೆಟ್ರೋಲ್. ಓನರ್ ರೇಷ್ಮೆ ಮಾಡುವವರು. ಹಿಂದಿನ ಸೀಟ್ ಮಡಚಿ ಗೂಡು ತುಂಬಿಕೊಂಡು ಶಿಡ್ಲಘಟ್ಟ ಮಾರ್ಕೆಟ್‌ಗೆ ಹೋಗುತ್ತಾರೆ. ನಮ್ಮೂರಿಂದ ಹತ್ತಿರ ಹತ್ತಿರ 30 ಕಿಲೋಮೀಟರ್. ಅಷ್ಟು ದೂರವೇ ಈ ಗಾಡಿಗೆ ಕಷ್ಟವಾಗಿತ್ತು. ಗೂಡು ಬಿಡಿಸಿದ ಮೇಲೆ ಇಟ್ಟುಕೊಂಡು ಕೂರುವ ಹಾಗಿಲ್ಲ. ತೂಕ ಇಳಿಯುತ್ತದೆ. ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಗೆ ಬರುತ್ತದೆ, ಆಮೇಲೆ ಅದರಿಂದ ನೂಲು ತೆಗೆಯೋಕೆ ಆಗಲ್ಲ. ಹರಾಜಿನ ಹೊತ್ತಿಗೆ ಮಾರ್ಕೆಟ್ ಒಳಗೆ ಇರಲೇಬೇಕು. ದಾರಿಯಲ್ಲಿ ನಿಂತು ಬೇರೆ ಟೆಂಪೊ ಕರೆಸಿದ್ದಕ್ಕೇ ಅವರಿಗೆ ಸಾವಿರಾರು ರೂಪಾಯಿ ಹೋಗಿತ್ತು.

ನನ್ನ ಹತ್ತಿರ ಬರುವ ಮೊದಲು ಆದ ಖರ್ಚು ಕೇಳಿ. ಫ್ಯುಯಲ್ ಪಂಪ್ 3 ಸಾವಿರದ ಮೇಲೆ. ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ಎರಡು ಸಾವಿರದ ಹತ್ತಿರ. ಪ್ಲಗ್ ಸೆಟ್, ಫಿಲ್ಟರ್, ಒಂದು ಸೆನ್ಸರ್, ಥ್ರಾಟಲ್ ಬಾಡಿ ಕ್ಲೀನಿಂಗ್, ಟ್ಯಾಂಕ್ ಇಳಿಸಿ ತೊಳೆದದ್ದು, ಎಲ್ಲ ಲೇಬರ್ ಸೇರಿ 16–17 ಸಾವಿರ. ಕೊನೆಗೆ ಹಿಂದಿನ ಗ್ಯಾರೇಜಿನವರು ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಳೆಯದು ತರಿಸೋಣ, ಇನ್ನೊಂದು 8 ಸಾವಿರ ಕೊಡಿ ಅಂದರಂತೆ. ಅಲ್ಲಿಗೆ ಓನರ್ ಗಾಡಿ ತಂದು ನನ್ನ ಶೆಡ್ ಮುಂದೆ ನಿಲ್ಲಿಸಿದರು.

ಕೋಡ್ ಇಲ್ಲ ಅನ್ನುವುದೇ ನನಗೆ ದೊಡ್ಡ ಸುಳಿವು. ಸೆನ್ಸರ್ ಕೈಕೊಟ್ಟರೆ ಬಹಳ ಸಲ ಇಸಿಎಂ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಆದರೆ ಇಸಿಎಂಗೇ ಕರೆಂಟ್ ಹೋದರೆ ಬರೆಯುವವರು ಯಾರು? ಆ ಗಳಿಗೆಯಲ್ಲಿ ಯಾವ ವೈರ್‌ನಲ್ಲಿ ಕರೆಂಟ್ ಇತ್ತು, ಯಾವುದರಲ್ಲಿ ಇರಲಿಲ್ಲ ಅನ್ನುವುದು ಕಣ್ಣಿಗೆ ಕಾಣಬೇಕು. ಗಾಡಿ ನಿಂತ ಮೇಲೆ ಮೀಟರ್ ಹಿಡಿದು ಇಳಿಯುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ, ಅಲ್ವಾ.

ಅದಕ್ಕೇ ಪಾರ್ಕಿಂಗ್ ಲೈಟ್‌ನ 5 ವ್ಯಾಟ್ ಬಲ್ಬ್ ಮೂರು ತೆಗೆದುಕೊಂಡೆ, ಹೋಲ್ಡರ್ ಸಮೇತ. ಮೊದಲನೆಯದು ಇಗ್ನಿಷನ್ ಸ್ವಿಚ್‌ನಿಂದ ಬರುವ ವೈರ್‌ಗೆ. ಎರಡನೆಯದು ಮೇನ್ ರಿಲೇ (ಇಸಿಎಂಗೆ ಕರೆಂಟ್ ಕೊಡುವ ಸ್ವಿಚ್) ಔಟ್‌ಪುಟ್‌ಗೆ. ಮೂರನೆಯದು ಪಂಪ್‌ಗೆ ಹೋಗುವ ವೈರ್‌ಗೆ. ಪ್ರತಿಯೊಂದಕ್ಕೂ ಒಂದು ಸಣ್ಣ ಫ್ಯೂಸ್. ಒಂದು ಬಲ್ಬ್ ಎಳೆಯುವುದು 0.4 ಆಂಪಿಯರ್, ಗಾಡಿಗೆ ಭಾರವಲ್ಲ. ಮೂರಕ್ಕೂ ಅರ್ತ್ (ಕರೆಂಟ್ ವಾಪಸ್ ಹೋಗುವ ವೈರ್) ನೇರ ಬ್ಯಾಟರಿ ನೆಗೆಟಿವ್‌ನಿಂದಲೇ ತನ್ನಿ, ಗಾಡಿ ಬಾಡಿಯ ಲೋಹಕ್ಕೆ ಜೋಡಿಸಬೇಡಿ. ಬಾಡಿ ಅರ್ತೇ ಕೆಟ್ಟಿದ್ದರೆ ಬಲ್ಬ್ ಸುಳ್ಳು ಹೇಳುತ್ತದೆ. ಎಲ್ಇಡಿ ಯಾಕೆ ಬೇಡ ಅಂತ ನಮ್ಮ ಹುಡುಗ ಕೇಳಿದ. ಎರಡು ಮೂರು ವೋಲ್ಟ್ ಕಡಿಮೆಯಾದರೂ ಎಲ್ಇಡಿಯಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಹಳೇ ಬಲ್ಬ್ ಕೆಂಪಗೆ ಮಂಕಾಗುತ್ತದೆ. ನನಗೆ ಬೇಕಾಗಿದ್ದು ಆ ಮಂಕೇ. ವೈರ್‌ನ ಮೇಲಿನ ಸಿಪ್ಪೆಗೆ ತೂತು ಮಾಡದೆ ಕರೆಂಟ್ ಹೇಗೆ ತೆಗೆದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಬಲ್ಬ್ ಕಟ್ಟಿದ ದಿನ ಪಕ್ಕದ ಗ್ಯಾರೇಜಿನವರು ಬಂದು ನೋಡಿ, "ಏನಣ್ಣಾ, ಗಣೇಶನ ಹಬ್ಬಕ್ಕೆ ಸೀರಿಯಲ್ ಸೆಟ್ಟಾ?" ಅಂದರು. ಪರವಾಗಿಲ್ಲ, ನೋಡ್ತಾ ಇರಿ ಅಂದೆ.

ಬಲ್ಬ್ ಕಟ್ಟಿದ ಮೇಲೆ ಗಾಡಿ ಆಫ್ ಆಗುವುದನ್ನೇ ಬಿಟ್ಟಿತು. ಇದು ನಿಮಗೂ ಆಗಿರುತ್ತದೆ. ಒಂದು ವಾರಕ್ಕೂ ಹೆಚ್ಚು ಸುಮ್ನೆ ಓಡಾಡಿದೆ, ಪೆಟ್ರೋಲ್ ನನ್ನದೇ. ಆ ಹೊತ್ತಿನಲ್ಲಿ ಬೇರೆ ಅನುಮಾನಗಳನ್ನೂ ನೋಡಿಬಿಟ್ಟೆ. ಟ್ಯಾಂಕ್ ಕ್ಯಾಪ್ ಸಡಿಲ ಮಾಡಿ ಓಡಿಸಿದೆ, ಗಾಳಿ ಕಟ್ಟಿಕೊಳ್ಳುತ್ತಿದೆಯಾ ಅಂತ. ಅದಲ್ಲ. ಓನರ್‌ಗೆ ಎಥನಾಲ್ ಪೆಟ್ರೋಲ್ ಮೇಲೆ ಬಹಳ ಸಿಟ್ಟು, ಎಲ್ಲ ಅದರಿಂದಲೇ ಅಂತ. ಸರಿ, ಗೆರೆ ಇರುವ ಗಾಜಿನ ಜಾರ್‌ಗೆ 100 ಎಂಎಲ್ ಪೆಟ್ರೋಲ್, 50 ಎಂಎಲ್ ನೀರು ಹಾಕಿ ಕುಲುಕಿ ಇಟ್ಟೆ. ಎಥನಾಲ್ ನೀರಿನ ಜೊತೆ ಸೇರಿ ಕೆಳಗೆ ಇಳಿಯುತ್ತದೆ. ನೀರಿನ ಮಟ್ಟ 70ರ ಆಸುಪಾಸಿಗೆ ಬಂತು. ಅಂದರೆ 20 ಪರ್ಸೆಂಟ್, ಇ20 ಅನ್ನುವ ಎಥನಾಲ್ ಬೆರಕೆ ಪೆಟ್ರೋಲ್‌ನಲ್ಲಿ ಇರಬೇಕಾದಷ್ಟೇ. ಪೆಟ್ರೋಲನ್ನೇ ಬೇರೆ ಬಾಟಲಿಯಲ್ಲಿ ಒಂದು ರಾತ್ರಿ ಇಟ್ಟು ನೋಡಿದೆ, ತಳದಲ್ಲಿ ನೀರೂ ಇರಲಿಲ್ಲ. ಹಳೇ ರಬ್ಬರ್ ಪೈಪ್ ಮಾತ್ರ ಮೆತ್ತಗಾಗಿತ್ತು, ಬದಲಾಯಿಸಿದೆ. ಅದು ಹೇಗಿದ್ದರೂ ಮಾಡಬೇಕಾದ ಕೆಲಸ, ಬೆಂಕಿಯ ವಿಷಯ.

ಕೊನೆಗೆ ಒಂದು ಮಧ್ಯಾಹ್ನ ಕೈವಾರದ ಕಡೆ ಹೋಗುವಾಗ ಆಫ್ ಆಯಿತು. ಬ್ರೇಕ್ ಗಟ್ಟಿ, ಸ್ಟೀರಿಂಗ್ ಭಾರ. ಖಾಲಿ ರಸ್ತೆ ನೋಡಿಕೊಂಡೇ ಈ ಟೆಸ್ಟ್ ಮಾಡಿ. ಪಕ್ಕದ ಸೀಟ್‌ನಲ್ಲಿ ನಮ್ಮ ಹುಡುಗ ಫೋನ್‌ನಲ್ಲಿ ಬಲ್ಬ್‌ಗಳ ವಿಡಿಯೊ ಮಾಡುತ್ತಿದ್ದ. ಬರಿ ಕಣ್ಣಿಗೆ ಎರಡನೆಯದು, ಮೂರನೆಯದು, ಎಂಜಿನ್, ಎಲ್ಲ ಒಟ್ಟಿಗೆ ಹೋದ ಹಾಗೆ ಕಂಡಿತು. ವಿಡಿಯೊ ನಿಧಾನ ಮಾಡಿದಾಗ ಆಟ ಬೇರೆ. ಎರಡನೇ ಬಲ್ಬ್ ಮೊದಲು ಮಂಕಾಯಿತು. ಆಮೇಲೆ ಪಂಪ್‌ನದು ಹೋಯಿತು. ಆಮೇಲೆ ಎಂಜಿನ್ ಸದ್ದು ಇಳಿಯಿತು. ಮೊದಲನೆಯದು ಕೊನೆವರೆಗೂ ಉರಿಯುತ್ತಲೇ ಇತ್ತು.

ಇಲ್ಲಿ ಯಾವುದು ಮೊದಲು ಅನ್ನುವುದೇ ಎಲ್ಲ. ಬೇರೆ ಕಾರಣಕ್ಕೆ ಎಂಜಿನ್ ನಿಂತರೆ ಇಸಿಎಂ ಒಂದೆರಡು ಸೆಕೆಂಡ್ ಬಿಟ್ಟು ತಾನೇ ಪಂಪ್ ಆಫ್ ಮಾಡುತ್ತದೆ. ಪಂಪ್‌ನಲ್ಲಿ ಕರೆಂಟ್ ಇಲ್ಲ ಅಂತ ಹಿಂದಿನವರು ಪಂಪ್ ಬದಲಾಯಿಸಿದ್ದು ಅದನ್ನು ನೋಡಿಯೇ ಇರಬೇಕು.

ಇಲ್ಲಿ ಮೊದಲು ಮಂಕಾದದ್ದು ಮೇನ್ ರಿಲೇಯ ಬಲ್ಬ್, ಅಂದರೆ ತೊಂದರೆ ಅಲ್ಲೇ. ಹಾಗಾಗಿ ರಿಲೇ ಮೊದಲು ಬದಲಾಯಿಸಿದೆ. 250 ರೂಪಾಯಿಯಲ್ಲಿ ಒಂದು ಅನುಮಾನ ಕಳೆಯುತ್ತದೆ. ಮಾರನೇ ದಿನ ಮತ್ತೆ ಆಫ್. ಪಕ್ಕದವರು ಮತ್ತೆ ನಕ್ಕರು. ನನಗೆ ಮಾತ್ರ ಜಾಗ ಗೊತ್ತಾಗಿತ್ತು. ಮನೆಯಿಂದ ಹೇರ್ ಡ್ರೈಯರ್ ತಂದೆ. ಗಾಡಿ ಐಡ್ಲಿಂಗ್‌ನಲ್ಲಿ ಬಿಟ್ಟು, ಮೊದಲು ಕಾಯಿಲ್‌ಗೆ ಬಿಸಿ ಕೊಟ್ಟೆ, ಏನೂ ಇಲ್ಲ. ರಿಲೇ ಸಾಕೆಟ್‌ಗೆ ಐದಾರು ನಿಮಿಷ ಕೊಟ್ಟು ವೈರ್ ಸ್ವಲ್ಪ ಅಲ್ಲಾಡಿಸಿದೆ. ಆಫ್! ತಣ್ಣಗೆ ಮಾಡಿದರೆ ಸ್ಟಾರ್ಟ್. ಮತ್ತೆ ಬಿಸಿ, ಮತ್ತೆ ಆಫ್. ರಸ್ತೆಯಲ್ಲಿ ವಾರಗಟ್ಟಲೆ ಆಟ ಆಡಿಸಿದ ಕಂಪ್ಲೇಂಟ್ ನಾನು ಹೇಳಿದ ಹಾಗೆ ಕೇಳುತ್ತಿತ್ತು. ಓನರ್‌ನ ಕರೆಸಿ ಎದುರಿಗೇ ಮಾಡಿ ತೋರಿಸಿದೆ.

ಸಾಕೆಟ್ ಬಿಚ್ಚಿದರೆ ರಿಲೇಯ ಒಂದು ಕಾಲು (ಪಿನ್) ಕೂರುವ ಜಾಗ ಸುಟ್ಟು ಕಂದು ಬಣ್ಣಕ್ಕೆ ತಿರುಗಿದೆ. ಒಳಗೆ ತಾಮ್ರದ ನಾಲ್ಕಾರು ಎಳೆ. ಯಾವಾಗಲೋ ಯಾರೋ ಎಕ್ಸ್‌ಟ್ರಾ ಫಾಗ್ ಲೈಟ್ ಹಾಕುವಾಗ ವೈರ್‌ನ ತುದಿ ಸುಲಿದು ರಿಲೇ ಕಾಲಿನ ಪಕ್ಕ ತುರುಕಿದ್ದಾರೆ. 55 ವ್ಯಾಟ್‌ನ ಎರಡು ಲೈಟ್ ಅಂದರೆ 9 ಆಂಪಿಯರ್ ಜಾಸ್ತಿ ಹೊರೆ. ಆಮೇಲೆ ಲೈಟ್ ತೆಗೆದರು, ವೈರ್ ಕತ್ತರಿಸಿದರು, ಆದರೆ ಆ ಕಾಲನ್ನು ಹಿಡಿಯುವ ಟರ್ಮಿನಲ್‌ನ ಬಾಯಿ ಅಗಲವಾಗಿ ಹಾಗೇ ಉಳಿಯಿತು. ಬಿಸಿಯಾದರೆ ಹಿಡಿತ ಬಿಡುತ್ತಿತ್ತು.

ಪ್ಲೈಯರ್‌ನಲ್ಲಿ ಒತ್ತಿ ಬಿಗಿ ಮಾಡಿ ಕಳಿಸಬೇಡಿ. ಒಮ್ಮೆ ಬೆಂದ ಟರ್ಮಿನಲ್‌ಗೆ ಸ್ಪ್ರಿಂಗ್ ಇರುವುದಿಲ್ಲ, ಎರಡು ತಿಂಗಳಿಗೆ ವಾಪಸ್ ಬರುತ್ತದೆ. ಹಳೇ ವೈರಿಂಗ್ ಒಂದರಿಂದ ಒಳ್ಳೆ ಟರ್ಮಿನಲ್ ತೆಗೆದು ಕ್ರಿಂಪ್ ಮಾಡಿದೆ, ಅಂದರೆ ಒತ್ತಿ ವೈರ್‌ಗೆ ಕಚ್ಚಿಸಿದೆ. ಬೆಸುಗೆ ಹಾಕಲಿಲ್ಲ. ಬೆಸುಗೆ ಮುಗಿಯುವ ಜಾಗದಲ್ಲಿ ವೈರ್ ಗಟ್ಟಿಯಾಗಿ, ಅದುರಿ ಅದುರಿ ಅಲ್ಲೇ ತುಂಡಾಗುತ್ತದೆ. ಹಳೇ ರಿಲೇಯ ಕಾಲೊಂದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದನ್ನು ಹೊಸ ಟರ್ಮಿನಲ್‌ಗೆ ಹಾಕಿ ಎಳೆದು ಹಿಡಿತ ನೋಡುತ್ತೇನೆ. ಮೊದಲು ಬಿಸಿಯಲ್ಲಿ ಆ ಜೋಡಣೆಯಲ್ಲೇ ಎರಡು ವೋಲ್ಟ್‌ವರೆಗೂ ಕಳೆದುಹೋಗುತ್ತಿತ್ತು. ಈಗ 0.1ರ ಹತ್ತಿರ.

ಆಮೇಲೂ ಬಲ್ಬ್ ಬಿಚ್ಚಲಿಲ್ಲ. ಬಿಸಿಲು ಚೆನ್ನಾಗಿದ್ದ ದಿನ ನಾಲ್ಕು ಜನ ಕೂತು, ಎಸಿ ಹಾಕಿಕೊಂಡು ನಂದಿ ಬೆಟ್ಟ ಹತ್ತಿಸಿದೆ. ಬೆಟ್ಟದ ತುದಿ 1478 ಮೀಟರ್. ಆ ತಿರುವುಗಳಲ್ಲಿ ಸೆಕೆಂಡ್ ಗೇರ್‌ನಲ್ಲಿ ಎಳೆಸಿದರೆ ಗಾಡಿಯ ಬಂಡವಾಳ ಗೊತ್ತಾಗುತ್ತದೆ. ಮೂರೂ ಬಲ್ಬ್ ಒಂದೇ ಬೆಳಕಿನಲ್ಲಿ ಉರಿದವು.

ರಿಲೇ, ಪೈಪ್, ಟರ್ಮಿನಲ್ ಸೇರಿ ಸಾಮಾನಿಗೆ 600 ರೂಪಾಯಿ ಒಳಗೆ. ಲೇಬರ್ 2,500 ತೆಗೆದುಕೊಂಡೆ. ಜಾಸ್ತಿ ಅಂದರು ಒಂದಿಬ್ಬರು. ಓನರ್ ಅನ್ನಲಿಲ್ಲ. ಮಳೆಗಾಲ ಮುಗಿದು ಗೂಡಿನ ಇನ್ನೊಂದು ಬೆಳೆಯೂ ಮಾರಿದ್ದಾರೆ, ಗಾಡಿ ಎಲ್ಲೂ ನಿಂತಿಲ್ಲ. ಪಕ್ಕದ ಗ್ಯಾರೇಜಿನವರೂ ಹೋದ ತಿಂಗಳು ಬಲ್ಬ್ ಸೆಟ್ ಕೇಳಿಕೊಂಡು ಬಂದರು, ಒಂದು ಹಳೇ ಸ್ಯಾಂಟ್ರೊಗೆ. ಕೊಟ್ಟಿದ್ದೇನೆ. ಅದರ ವಿಡಿಯೊ ಇನ್ನೂ ಬರಬೇಕು.